ಸಪ್ನಾಗೆ ಏನು ಸೇರುತ್ತಿತ್ತು

ಮೆಕ್ಸಿಕೊ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಭಾಲ್ಕಿ ಬಿಟ್ಟರೆ ಬೀದರ, ಬೀದರ ಬಿಟ್ಟರೆ ಔರಾದ, ಇಷ್ಟೇ ನನ್ನ ಭೂಗೋಳ. ಆದರೆ ಶಾಲೆಯಲ್ಲಿ ಆ ದೇಶದ ಪಾಠ ಕೇಳಿ ಬಂದ ಮೊಮ್ಮಗಳು ಎರಡು ದಿನದಿಂದ ನನ್ನ ತಲೆ ತಿನ್ನುತ್ತಿದ್ದಳು.

"ಆಯಿ, ಅಲ್ಲಿ ಸತ್ತೋರು ವರ್ಷಕ್ಕೊಮ್ಮಿ ಮನಿಗಿ ಬರ್ತಾರಂತ. ಫೋಟೋ ಇಟ್ಟು, ಚೆಂಡುಹೂವಿನ ದಾರಿ ಮಾಡಿ, ಅವ್ರಿಗಿ ಸೇರೋದು ಮಾಡಿ ಇಡಬೇಕಂತ. ಮಮ್ಮಿಗಿ ನಾವೂ ಇಡೋಣು."

ನಮ್ಮಲ್ಲಿ ಹೊಲದ ಸಮಾಧಿಗೆ ಹೂವಿಟ್ಟು ಕೈಮುಗಿದರೆ ಮುಗಿಯಿತು. ಆದರೆ ಸೊಸೆ ಸಪ್ನಾ ಕಾಮಾಲೆಯಾಗಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು, ಅಂದಿನಿಂದ ಈ ಹುಡುಗಿ ನಕ್ಕಿರಲಿಲ್ಲ. ಆಗಲಿ ಎಂದೆ. ಅಂಗಳದಿಂದ ಪಡಸಾಲೆಯ ಫೋಟೋದವರೆಗೆ ಹೂವಿನ ಎಸಳು ಚೆಲ್ಲಿ ಬಂದು ಕೇಳಿದಳು, "ಮಮ್ಮಿಗಿ ಏನ್ ಸೇರ್ತಿತ್ತು?"

ಮಗ ಅಮಿತಕುಮಾರನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡು, "ಎಲ್ಲಾ ತಿಂತಿದ್ಳಲ್ಲ" ಎಂದ. ಹೆಂಡತಿಯ ಬಾಯಿರುಚಿ ಗೊತ್ತಿಲ್ಲದ ಗಂಡ ಎಂದು ಬೈದೆ. ಬೈಯಲು ನನಗಾದರೂ ಯಾವ ಮುಖವಿತ್ತು? "ನನ್ನ ಸೊಸಿ ಇದು ಬೇಕು, ಅದು ಬ್ಯಾಡ ಅನ್ನೋಳಲ್ಲ" ಎಂದು ಹನ್ನೊಂದು ವರ್ಷ ಓಣಿಯೆಲ್ಲ ಹೇಳಿಕೊಂಡು ತಿರುಗಿದವಳು ನಾನೇ.

"ಸೇರೋದು ಇಡಲಿಲ್ಲಂದ್ರ ಮಮ್ಮಿ ಬರಂಗಿಲ್ಲ" ಎಂದು ಹುಡುಗಿ ಅಳತೊಡಗಿದಳು.

ಮರ್ಯಾದೆ ಬದಿಗಿಟ್ಟು ಎಕಂಬಾಕ್ಕೆ, ಸಪ್ನಾಳ ತಾಯಿ ಸುಭದ್ರಾಬಾಯಿಗೆ ಫೋನ್ ಮಾಡಿ ಕೇಳಿದೆ.

"ಬಿಸಿ ರೊಟ್ಟಿರಿ" ಎಂದಳು ಆಕೆ. "ಹಂಚಿನ ಮ್ಯಾಲಿಂದ ಆಗಷ್ಟೇ ಇಳಿಸಿದ್ದು, ತುಸು ಬೆಣ್ಣಿ ಹಚ್ಚಿ. ಆರಿದ್ರ ಮುಟ್ಟತಿರಲಿಲ್ರಿ ನಮ್ಮ ಹುಡುಗಿ."

ನಮ್ಮ ಮನೆಯಲ್ಲಿ ಅವಳು ಎಲ್ಲರಿಗೂ ಬಿಸಿಬಿಸಿ ಬಡಿಸಿ, ಕೊನೆಗೆ ಉಳಿದ ಆರಿದ ರೊಟ್ಟಿ ತಿನ್ನುತ್ತಿದ್ದಳು. ಹನ್ನೊಂದು ವರ್ಷ. ಒಂದು ದಿನವಾದರೂ "ನೀ ಉಣ್ಣಾಕ ಕುಂದ್ರು, ನಾ ಬಡೀತೇನಿ" ಎಂದು ನಾನು ಅನ್ನಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಜೋಳದ ಹಿಟ್ಟು ನಾದಿದೆ. ಹನ್ನೊಂದು ವರ್ಷದಿಂದ ಕೈಗೆ ರೂಢಿ ತಪ್ಪಿತ್ತು, ಈ ನಾಲ್ಕು ತಿಂಗಳೂ ಅನ್ನ-ಸಾರಿನಲ್ಲೇ ಕಳೆದಿತ್ತು; ಮೊದಲ ರೊಟ್ಟಿ ಹರಿಯಿತು. ಎರಡನೆಯದು ಉಬ್ಬಿತು. ಬೆಣ್ಣೆ ಹಚ್ಚಿ ಫೋಟೋದ ಮುಂದಿಟ್ಟು, "ತಿನ್ನವ್ವ, ಬಿಸಿ ಅದ" ಎಂದೆ. ಮತ್ತೊಂದು ಬಡಿದು ತರುವಷ್ಟರಲ್ಲಿ ಅದು ತಣ್ಣಗಾಗಿತ್ತು. ಅದನ್ನು ತೆಗೆದು ಬಿಸಿಯದನ್ನು ಇಟ್ಟೆ. ಹಿಟ್ಟು ಮುಗಿಯುವವರೆಗೂ ಹೀಗೇ ಮಾಡಿದೆ.

"ಮಮ್ಮಿ ತಿಂದ್ಳಾ, ಆಯಿ?"

"ಹೊಟ್ಟಿ ತುಂಬ ತಿಂದ್ಳವ್ವ."

ಎಲ್ಲರೂ ಉಂಡೆದ್ದ ಮೇಲೆ ಒಲೆಯ ಮುಂದೆ ಒಬ್ಬಳೇ ಕೂತು, ತಣ್ಣಗಾದ ಆ ರೊಟ್ಟಿಗಳನ್ನು ನಾನು ತಿಂದೆ.