ಚರ್ಚಿನ ಹಿತ್ತಲಿನ ನಲ್ಲಿ

ಭಾನುವಾರ ಸಂಜೆಯೊಳಗೆ ನಾವು ಮನೆಯೊಡತಿಗೆ ಉತ್ತರ ಕೊಡಬೇಕಿತ್ತು. ನ್ಯೂಕ್ಯಾಸಲ್‌ನ ಬಾಡಿಗೆ ಮನೆ ಇಟ್ಟುಕೊಳ್ಳುತ್ತೇವೋ, ಬಿಡುತ್ತೇವೋ? ಬಿಟ್ಟರೆ ಒಂದು ವರ್ಷ ಮೋಟರ್‌ಹೋಮ್‌ನಲ್ಲೇ, ಅಂದರೆ ಹಾಸಿಗೆ, ಒಲೆ ಇರುವ ಗಾಡಿಯಲ್ಲೇ ಸಂಸಾರ. ನನಗಂತೂ ಬಿಡುವ ಆತುರ ಎಷ್ಟಿತ್ತೆಂದರೆ ಕಿಟಕಿಯ ಪರದೆಗಳನ್ನು ಆಗಲೇ ಬಿಚ್ಚಿಟ್ಟಿದ್ದೆ. ಗಂಡ ಟೋಬಿ ಮಾತ್ರ ತಲೆ ಕೆರೆದುಕೊಂಡಿದ್ದ.

"ಬೇಸಿಗೇಲಿ ಯಾರ್ ಬೇಕಾದ್ರೂ ಇರ್ತಾರೆ ಬ್ರಯೊನಿ. ಮಾರ್ಚಲ್ಲಿ ಒಂದು ವಾರ ಇದ್ದು ನೋಡೋಣ. ಆಮೇಲೆ ಹೇಳ್ತೀನಿ."

ನಾರ್ತಂಬರ್‌ಲ್ಯಾಂಡಿನ ಬೆಟ್ಟಗಳ ಕಡೆ ಹೊರಟೆವು. ಕ್ಯಾಂಪು ಹಾಕುವ ಜಾಗಗಳ ಗೇಟಿಗೆಲ್ಲ ಸರಪಳಿ, ಐಸ್‌ಕ್ರೀಂ ಅಂಗಡಿಗಳಿಗೆ ಹಲಗೆ, ನಲ್ಲಿಗಳಲ್ಲಿ ಗಾಳಿ. 'ಈಸ್ಟರ್‌ಗೆ ಸಿಗೋಣ' ಎಂಬ ಬೋರ್ಡು. ನನಗೆ ಅದೇ ಹಬ್ಬ! ಕಿರಿದಾದ ರಸ್ತೆಗಳಲ್ಲಿ ಎದುರಿಗೆ ಒಂದು ಗಾಡಿಯಿಲ್ಲ, ಬೆಟ್ಟಗಳ ಮೇಲೆ ಕುರಿಗಳು ಬಿಟ್ಟರೆ ನಾವೇ. ಕೆರೆಯ ದಂಡೆಯಲ್ಲಿ ಒಂದು ರಾತ್ರಿ, ಪಬ್ಬಿನ ಅಂಗಳದಲ್ಲಿ ಒಂದು ರಾತ್ರಿ. ಅಲ್ಲಿ ಒಂದು ಮಾಂಸದ ಪೈ ತಿಂದರೆ ಗಾಡಿ ನಿಲ್ಲಿಸಿಕೊಳ್ಳಲು ಬಿಡುತ್ತಾರೆ. ಬೆಳಗಾದರೆ ನಾನು ಸ್ಟಿಯರಿಂಗ್ ಹಿಡಿದು ಕೂತಿರುತ್ತಿದ್ದೆ. ಟೋಬಿಯ ಅರ್ಧ ಚಹಾ ಮೊದಲ ತಿರುವಿನಲ್ಲೇ ಅವನ ಪ್ಯಾಂಟಿನ ಮೇಲೆ.

"ಮುಂದಿನ ಜಾಗ ಇದಕ್ಕಿಂತ ಚೆನ್ನಾಗಿರತ್ತೆ ಕಣೋ!"

"ಇದು ಹೇಗಿತ್ತು ಅಂತ ನೋಡೋಕಾದ್ರೂ ಬಿಡೇ."

ಶನಿವಾರ ಬೆಳಿಗ್ಗೆ ಗಾಡಿಯೊಳಗಿನ ನಲ್ಲಿ ತಿರುಗಿಸಿದರೆ ಬುಸ್ ಎಂದಿತು, ಅಷ್ಟೇ. ಟೋಬಿ ಗಾಡಿಯ ಕೆಳಗೆ ಬಗ್ಗಿ ನೋಡಿದ. ಹುಲ್ಲಿನ ಮೇಲೆ ದೊಡ್ಡ ಹಪ್ಪಳದಂತೆ ಮಂಜುಗಡ್ಡೆ. ಚಳಿ ಏರಿದರೆ ಬಾಯ್ಲರ್ ಒಡೆಯದಿರಲೆಂದು ಅದರ ವಾಲ್ವು ತಾನೇ ತೆರೆದುಕೊಂಡು ನೀರನ್ನು ಹೊರಗೆ ಚೆಲ್ಲುತ್ತದೆ. ಪಂಪು ಆರಿಸದೆ ಮಲಗಿದ್ದೆವಾದ್ದರಿಂದ ಅದೂ ಹಿಂದಿನಿಂದ ಟ್ಯಾಂಕನ್ನೆಲ್ಲ ತಳ್ಳಿ ಖಾಲಿ ಮಾಡಿತ್ತು. ಗ್ಯಾಸ್ ತುಂಬಿಸಲು ನಿಲ್ಲುವುದು ತಪ್ಪಲೆಂದು ಹೀಟರ್ ಆರಿಸಿದವಳು ನಾನೇ.

"ಭೇಷ್! ಇಡೀ ಟ್ಯಾಂಕು ನಾರ್ತಂಬರ್‌ಲ್ಯಾಂಡಿಗೆ ದಾನ ಮಾಡಿದೀಯ. ಈಗ ಚಹಾಕ್ಕೆ ಮಂಜು ನೆಕ್ಕೋಣ" ಎಂದ.

ಹತ್ತಿರದ ಹಳ್ಳಿಗೆ ಓಡಿಸಿದೆ. ಚರ್ಚಿನ ಹಿತ್ತಲಿನಲ್ಲಿ, ಗೋರಿಗಳ ಹೂವಿಗೆ ನೀರು ಹಾಕಲೆಂದು ಇಟ್ಟ ಒಂದು ನಲ್ಲಿ, ಗೋಣಿ ಸುತ್ತಿಕೊಂಡು ಬೆಚ್ಚಗೆ ನಿಂತಿತ್ತು. ತಿರುಗಿಸಿದೆ. ನೀರು! ಪಕ್ಕದಲ್ಲಿದ್ದ ನೀರು ಚಿಮುಕಿಸುವ ಡಬ್ಬಿಯಲ್ಲೇ ತುಂಬಿಸಿ ತುಂಬಿಸಿ ಗಾಡಿಗೆ ಹೊತ್ತೆ. ಐದನೆಯ ಸಲ ಬರುವಾಗ ಹಿಂದಿನಿಂದ ದನಿ ಬಂತು.

"ಯಾರ ಗೋರಿಗೆ ಹೂ ಇಟ್ಟಿದೀಯ ಮಗಳೇ? ಅಷ್ಟು ನೀರು ಕುಡಿಯೋ ಹೂವು ಅದ್ಯಾವ್ದು?"

ಚರ್ಚಿನ ಉಸ್ತುವಾರಿ ನೋಡಿಕೊಳ್ಳುವ ಮಿಸೆಸ್ ಚಾರ್ಲ್ಟನ್. ಒಂದು ಕೈಯಲ್ಲಿ ಬೀಗದಕೈ ಗೊಂಚಲು, ಇನ್ನೊಂದರಲ್ಲಿ ಈರುಳ್ಳಿ ಜಾತಿಯ ಲೀಕ್ ಸೊಪ್ಪಿನ ಒಂದು ಕಟ್ಟು.

"ತಪ್ಪಾಯ್ತು. ಟ್ಯಾಂಕ್ ಖಾಲಿಯಾಯ್ತು, ತುಂಬಿಸ್ಕೊಂಡು ಈಗ್ಲೇ ಹೊರಟ್ಬಿಡ್ತೀವಿ" ಎಂದೆ.

"ಹೊರಡೋದಾ? ಸತ್ತವರ ನೀರು ಕದ್ದವರು ಬದುಕಿರೋರಿಗೆ ಕೆಲಸ ಮಾಡಿಕೊಟ್ಟು ಹೋಗ್ಬೇಕು. ಬನ್ನಿ ಒಳಗೆ."

ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ ಊರವರೆಲ್ಲ ಚರ್ಚಿನ ಹಾಲ್‌ನಲ್ಲಿ ಬರೀ ಸೂಪು, ಬ್ರೆಡ್ಡು ತಿನ್ನುವ ಮಧ್ಯಾಹ್ನ ಅದು. ಟೋಬಿ ಆಲೂಗಡ್ಡೆ ಸುಲಿಯುತ್ತ ಕೂತವನು ಏಳಲೇ ಇಲ್ಲ. ಪಕ್ಕದ ಮುದುಕರ ಕುರಿಗಳ ಹೆಸರೆಲ್ಲ ಅರ್ಧ ಗಂಟೆಯಲ್ಲಿ ಅವನಿಗೆ ಬಾಯಿಪಾಠ. ನಾನು ನಾಲಿಗೆ ಸುಟ್ಟುಕೊಂಡು ಸೂಪು ಮುಗಿಸಿ ಎದ್ದೆ, ಕೂತೆ, ಮತ್ತೆ ಎದ್ದೆ.

"ಟೋಬಿ, ಈಗ ಹೊರಟ್ರೆ ಬೆಳಕಿರುವಾಗ್ಲೇ ಸಮುದ್ರ ಸಿಗತ್ತೆ."

"ಕುರ್ಚಿಲಿ ಮುಳ್ಳಿದ್ಯಾ ಮಗಳೇ?" ಎಂದು ಮಿಸೆಸ್ ಚಾರ್ಲ್ಟನ್ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಸುರಿದರು. "ಸಮುದ್ರ ಎಲ್ಲಿಗೂ ಹೋಗಲ್ಲ."

ಹಾಲ್‌ನಲ್ಲಿ ನಗುವೋ ನಗು. ನಾನು ಹೊರಗೆ ಬಂದೆ. ಟೋಬಿ ಕೈ ಒರೆಸಿಕೊಳ್ಳುತ್ತ ಹಿಂದೆಯೇ ಬಂದ.

"ಹೇಳ್ಬಿಡು. ಚಳಿ ತಡೆಯೋಕಾಗಲ್ಲ, ಮನೆ ಬಿಡೋದ್ ಬೇಡ, ಅಷ್ಟೇ ತಾನೆ?" ಎಂದೆ. ಚಳಿಗೆ, ಇಕ್ಕಟ್ಟಿಗೆ, ನೀರಿಗೆ, ಎಲ್ಲಕ್ಕೂ ವಾದ ಸಿದ್ಧವಿತ್ತು ನನ್ನ ಬಳಿ.

"ಯಾರು ಹೇಳಿದ್ದು? ನಂಗೆ ಗಾಡೀಲಿ ಇರೋಕಿಷ್ಟ. ಟಾಯ್ಲೆಟ್ ಡಬ್ಬಿ ಚೆಲ್ಲೋದಕ್ಕೂ ರೆಡಿ. ಆದ್ರೆ ಈ ವಾರ ನೋಡಿದ ಒಂದೂರಿನ ಹೆಸರೂ ನೆನಪಿಲ್ಲ ಕಣೇ. ನೀನು ಎಲ್ಲಿಗೂ ಹೋಗ್ತಿಲ್ಲ, ಎಲ್ಲಾ ಕಡೆಯಿಂದ ಹೊರಡ್ತಿದೀಯ, ಅಷ್ಟೇ. ಒಂದೊಂದೂರಲ್ಲಿ ಒಂದೊಂದು ವಾರ ನಿಲ್ತೀಯಾ? ಹಾಗಾದ್ರೆ ಮನೆ ಬಿಡೋಣ. ಇಲ್ಲಿಂದ್ಲೇ ಶುರು."

ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಒಂದು ವಾರ! ಇರುವುದು ಒಂದು ಬೀದಿ, ಒಂದು ಚರ್ಚು, ಒಂದು ಮುಚ್ಚಿದ ಅಂಚೆ ಕಚೇರಿ.

"ಮೂರು ದಿನ" ಎಂದೆ.

"ವಾರ."

"ನಾಲ್ಕು?"

"ಸಂತೇಲಿ ಬದನೆಕಾಯಿ ಕೊಳ್ತಿದೀಯಾ?"

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಮಿಸೆಸ್ ಚಾರ್ಲ್ಟನ್, "ಗಾಡಿ ಹಾಲ್ ಹಿಂದೆ ನಿಲ್ಸಿ. ಬುಧವಾರ ಕುರ್ಚಿ ಹಾಕೋಕೆ ಜನ ಬೇಕು" ಎಂದು ಒಳಗೆ ಹೋದರು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಆ ಬೀದಿಯನ್ನು ಅದೆಷ್ಟು ಸಲ ಅಳೆದಿದ್ದೆನೋ! ಕಾಲು ನಿಲ್ಲುತ್ತಿರಲಿಲ್ಲ. ಕೊನೆಗೆ ಸಿಗ್ನಲ್ ಸಿಗುವ ಕಲ್ಲುಗೋಡೆಯ ಮೇಲೆ ಹತ್ತಿ ಮನೆಯೊಡತಿಗೆ ಫೋನ್ ಮಾಡಿದೆ.

"ಮನೆ ಬಿಡ್ತೀವಿ."

"ಓಹೋ! ಮೊದಲು ಎಲ್ಲಿಗೆ ಪಯಣ?"

"ಎಲ್ಲಿಗೂ ಇಲ್ಲ. ಮುಂದಿನ ಶನಿವಾರದವರೆಗೂ ಇಲ್ಲೇ ಇರ್ತೀವಿ" ಎಂದೆ. ಹೇಳುವಾಗಲೇ ಅಂಗಾಲು ಜುಮ್ಮೆಂದಿತು.

ಗೋಡೆಯಿಂದ ಇಳಿದು ಊರಾಚೆಯ ಕೂಡುರಸ್ತೆಯ ತನಕ ನಡೆದೆ. ಕೈಮರದ ಮೇಲಿನ ಊರುಗಳನ್ನೆಲ್ಲ ಓದಿಕೊಂಡೆ. ತಿರುಗಿ ಊರ ಕಡೆಗೇ ಹೊರಟೆ. ಬೇಕೆಂತಲೇ ನಿಧಾನವಾಗಿ ನಡೆದೆ; ಆದರೂ ಹಾಲ್ ಹಿಂದಿನ ನಮ್ಮ ಗಾಡಿಯನ್ನು ಬೇಗ ತಲುಪಿಬಿಟ್ಟೆ.