ತೌಡು ತೆಗೆಯದ ಅಕ್ಕಿ

ಕಾಳಪ್ಪನನ್ನು ಮಣ್ಣು ಮಾಡಿ ಮೂರನೇ ದಿನ. ಹಾಲು-ತುಪ್ಪ ಬಿಡಲು ಹೋಗುವಾಗ ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಮಾಡಿಕೊಂಡು ಹೋಗಿ ಆ ಜಾಗದಲ್ಲಿ ಎಡೆ ಇಡಬೇಕು. ಅವನ ಅಕ್ಕ ಉಚ್ಚೆಂಗಮ್ಮ ಎಮ್ಮಿಗನೂರಿನಿಂದ ಬೆಳಗಿನ ಬಸ್ಸಿಗೇ ಕಂಪ್ಲಿಗೆ ಬಂದಿಳಿದಳು. ಬುಟ್ಟಿಯಲ್ಲಿ ಮಲ್ಲಿಗೆಯಂಥ ಬಿಳಿ ಅನ್ನ, ಎಣ್ಣೆಗಾಯಿ, ಮಂಡಕ್ಕಿ, ಮಿರ್ಚಿ, ಒಂದು ಕಟ್ಟು ಬೀಡಿ. ಅಡುಗೆಮನೆಗೆ ಕಾಲಿಟ್ಟರೆ ಕಾಳಪ್ಪನ ಮಗಳು ಪಲ್ಲವಿ ಒಲೆಯ ಮುಂದೆ ನಿಂತು ಪಾಲಿಶ್ ಮಾಡದ ಅಕ್ಕಿ ಬೇಯಿಸುತ್ತಿದ್ದಳು.

"ಇದು ಯಾರಿಗವಾ?"

"ಅಪ್ಪಗ, ಅತ್ತಿ."

ಉಚ್ಚೆಂಗಮ್ಮ ತಮ್ಮನ ಹೆಂಡತಿಯ ಕಡೆ ತಿರುಗಿದಳು. "ಕೇಳಿದೇನು ಕರೆಮ್ಮ? ಬದುಕಿದ್ದಾಗ ತಿನ್ನಿಸಿದ್ದು ಸಾಲಲಿಲ್ಲಂತ. ತೌಡು ಎಮ್ಮಿಗೆ ಹಾಕ್ತಾರ, ನನ್ನ ತಮ್ಮಗಲ್ಲ. ಅದನ್ನ ಅಲ್ಲಿ ಇಟ್ರ ನಾ ಬರಂಗಿಲ್ಲ ನೋಡು."

ಪಲ್ಲವಿ ತಾಯಿಯ ಮುಖ ನೋಡಿದಳು. ಅತ್ತು ಅತ್ತು ಹುಡುಗಿಯ ಕಣ್ಣು ಊದಿಕೊಂಡಿದ್ದವು. "ಅಪ್ಪಗ ಸೇರ್ತಿತ್ತಲ್ಲವ್ವಾ? ನೀನಾರ ಹೇಳು."

"ತಳ ಹತ್ತೀತು, ನೋಡ್ಕೋ," ಎಂದು ಕರೆಮ್ಮ ಹಿತ್ತಲಿಗೆ ಹೋಗಿಬಿಟ್ಟಳು. ಹೌದೆಂದರೆ ಸುಳ್ಳು. ಇಲ್ಲವೆಂದರೆ ಆ ಹುಡುಗಿ ಉಳಿದ ಆಯಸ್ಸೆಲ್ಲ ಅಪ್ಪನ ಬಾಯಿ ಕೆಡಿಸಿ ಕಳಿಸಿದೆನೆಂದು ಕೊರಗುತ್ತಾಳೆ.

ಕಾಳಪ್ಪ ಕಂಪ್ಲಿಯ ಅಕ್ಕಿ ಮಿಲ್ಲಿನಲ್ಲಿ ಪಾಲಿಶ್ ಯಂತ್ರದ ಮುಂದೆಯೇ ತಲೆ ನರೆಸಿಕೊಂಡವನು. ಸಣ್ಣವನಿದ್ದಾಗ ಬಿಳಿ ಅನ್ನ ಹಬ್ಬಕ್ಕೆ ಮಾತ್ರ ಕಂಡಿದ್ದ. ದುಡಿಯಲು ಹತ್ತಿದ ಮೇಲೆ ಮನೆಯಲ್ಲಿ ಅನ್ನದ ಬಣ್ಣ ಸ್ವಲ್ಪ ಮಾಸಿದರೂ ತಟ್ಟೆ ಸರಿಸುತ್ತಿದ್ದ. ಅಂಥವನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಬಳ್ಳಾರಿಯ ಡಾಕ್ಟರು ಮನೆಗೆ ಕರಕೊಂಡು ಹೋಗಿ, ಬೇಕಾದ್ದು ತಿನ್ನಿಸಿ ಎಂದರು. ಕೈಬಿಡುವಾಗ ಡಾಕ್ಟರು ಆಡುವ ಮಾತು ಅದು. ಕರೆಮ್ಮನಿಗೆ ತಿಳಿಯಿತು, ಪಲ್ಲವಿ ತಿಳಿಯಲೊಲ್ಲೆ ಎಂದಳು.

ಪಲ್ಲವಿ ಹೊಸಪೇಟೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಬೆಳಿಗ್ಗೆ ಬಸ್ಸು ಹಿಡಿದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ. ಬಂದವಳು ಉಂಡಳೋ ಇಲ್ಲವೋ, ಫೋನು ಹಿಡಿದು ಮೂಲೆ ಸೇರುತ್ತಿದ್ದಳು. ಅಪ್ಪ-ಮಗಳ ನಡುವೆ ಬಾ, ಹೋಗು ಬಿಟ್ಟರೆ ಬೇರೆ ಮಾತಿರಲಿಲ್ಲ. ಡಾಕ್ಟರು ಕೈಬಿಟ್ಟ ಮೇಲೆ ಅವಳು ಹಂಪಿಯ ಕಡೆ ನಡೆದ ಶಿಬಿರವೊಂದರಲ್ಲಿ, ಊಟದಿಂದಲೇ ರೋಗ ವಾಸಿಯಾಗುತ್ತದೆನ್ನುವ ಮ್ಯಾಕ್ರೋಬಯಾಟಿಕ್ ಪದ್ಧತಿ ಕಲಿತು ಬಂದಳು. ತೌಡು ತೆಗೆಯದ ಅಕ್ಕಿ, ನವಣೆ, ಕುಂಬಳಕಾಯಿ, ಮೇಲೆ ಎಳ್ಳು-ಉಪ್ಪಿನ ಪುಡಿ. ಖಾರ ಇಲ್ಲ, ಸಕ್ಕರೆ ಇಲ್ಲ, ಹಾಲಿಲ್ಲ. ಒಂದೊಂದು ತುತ್ತೂ ಬಾಯಲ್ಲೇ ನೀರಾಗುವವರೆಗೆ ಅಗಿಯಬೇಕು.

ಮೊದಲ ದಿನ ಕಾಳಪ್ಪ ತಟ್ಟೆ ನೋಡಿ ನಕ್ಕಿದ್ದ. "ನಾ ಉದುರಿಸಿದ ತೌಡೆಲ್ಲ ನನ್ನ ಮನಿ ಹುಡ್ಕೊಂಡು ಬಂದೈತಲ್ಲಲೇ."

"ಅಗೀರಿ ಅಪ್ಪಾ, ನುಂಗಬ್ಯಾಡ್ರಿ."

"ಅಗ್ಯಾಕತ್ತೀನಿ ತಾಯಿ. ಎತ್ತಿನಂಗ ಅಗ್ಯಾಕತ್ತೀನಿ."

ಅವನು ತುತ್ತು ನುಂಗುವವರೆಗೆ ಪಲ್ಲವಿ ಎದುರಿಗೇ ಕೂತಿರುತ್ತಿದ್ದಳು. ಒಲೆಯ ಮುಂದಿದ್ದ ಕರೆಮ್ಮನ ಕಿವಿಗೆ ಅವರ ಮಾತು ಬೀಳುತ್ತಿತ್ತು. ಲ್ಯಾಬಿನಲ್ಲಿ ಸೂಜಿ ಕಂಡು ಓಡಿಹೋದ ಪೈಲ್ವಾನನ ಸುದ್ದಿ, ಮಿಲ್ಲಿನ ಬೆಲ್ಟು ಹರಿದಾಗ ಮಾಲೀಕ ಧೂಳಿನಲ್ಲಿ ಬೆಳ್ಳಗಾಗಿ ನಿಂತದ್ದು. ಇಪ್ಪತ್ತಾರು ವರ್ಷದ ಮಗಳು ಅಪ್ಪನ ಬಾಲ್ಯದ ಕಥೆ ಮೊದಲ ಸಲ ಕೇಳುತ್ತಿದ್ದಳು.

ಅವಳು ಕೆಲಸಕ್ಕೆ ಹೋದಾಗ ಕರೆಮ್ಮ ಗಂಡನನ್ನು ಕೇಳುತ್ತಿದ್ದಳು. "ಖರೆ ಹೇಳ್ರಿ, ಸೇರ್ತೈತೇನು?"

"ಮಣ್ಣು ತಿಂದಂಗ ಆಗ್ತೈತಿ. ಆಕಿಗೆ ಹೇಳಬ್ಯಾಡ."

ತಡೆಯಲಾರದೆ ಕರೆಮ್ಮ ಒಂದು ಮಧ್ಯಾಹ್ನ ಸೋನಾ ಮಸೂರಿ ಅನ್ನ ಮಾಡಿ, ಹುಣಸೆಹಣ್ಣಿನ ಸಾರು ಹಾಕಿ, ಮೆತ್ತಗೆ ಕಲಸಿ ಮುಂದಿಟ್ಟಳು. ಅವನು ವಾಸನೆಗೇ ಕಣ್ಣು ಮುಚ್ಚಿದ. ಎರಡು ತುತ್ತು ಉಂಡು ತಟ್ಟೆ ಸರಿಸಿದ.

"ಯಾಕ್ರಿ, ಉಪ್ಪು ಕಡಿಮಿ ಆತೇನು?"

"ಮಸ್ತ್ ಐತಿ. ಇದು ಜಲ್ದಿ ಮುಗೀತೈತಿ ನೋಡು. ಹೊಟ್ಯಾಗ ಜಾಗ ಇರೋದ ಇಷ್ಟು. ಸಂಜೀಕ ಆಕಿ ಬರ್ತಾಳ, ಆಗ ಉಣ್ತೀನಿ."

ಅವತ್ತು ಸಂಜೆ ಅವನು ಒಂದೇ ತುತ್ತನ್ನು ಬಾಯಲ್ಲಿಟ್ಟುಕೊಂಡು, ಅಗಿಯಲೂ ಶಕ್ತಿಯಿಲ್ಲದೆ, ಮಗಳು ಹೇಳುವುದನ್ನು ಕೇಳುತ್ತ ಬಹಳ ಹೊತ್ತು ಕೂತಿದ್ದ. ಅದನ್ನು ಕಂಡ ಕರೆಮ್ಮ ಮತ್ತೆ ಬಿಳಿ ಅನ್ನ ಮಾಡಿ ಮುಂದಿಡಲಿಲ್ಲ.

ಈಗ ಹಿತ್ತಲಿನಿಂದ ಬಂದವಳೇ ಕರೆಮ್ಮ ಪಲ್ಲವಿಯ ಅನ್ನವನ್ನು ಡಬ್ಬಿಗೆ ತುಂಬಿ ಬುಟ್ಟಿಯಲ್ಲಿಟ್ಟಳು. ಉಚ್ಚೆಂಗಮ್ಮ ಗೊಣಗುತ್ತಲೇ ಜೊತೆಗೆ ನಡೆದಳು. ಕಾಲುವೆಯ ಆಚೆ ಮಣ್ಣು ಇನ್ನೂ ಹಸಿಯಾಗಿತ್ತು. ಹಾಲು-ತುಪ್ಪ ಬಿಟ್ಟು ಎಲೆ ಹಾಸಿದರು. ಬಿಳಿ ಅನ್ನ, ಎಣ್ಣೆಗಾಯಿ, ಮಿರ್ಚಿ, ಬೀಡಿ ಬಡಿಸಿದ್ದಾಯಿತು. ಪಲ್ಲವಿ ಡಬ್ಬಿ ತೆರೆದಾಗ ಉಚ್ಚೆಂಗಮ್ಮ ಅವಳ ಕೈ ಹಿಡಿದಳು.

"ಬ್ಯಾಡಂದ್ನಲ್ಲ."

"ನೀವು ಹೇಳೋದು ಖರೆ ಐತ್ರಿ ಅಕ್ಕಾ," ಎಂದಳು ಕರೆಮ್ಮ. "ಆ ಅನ್ನ ಅವರಿಗೆ ಒಂದಿನಾನೂ ಸೇರ್ಲಿಲ್ಲ."

ಪಲ್ಲವಿಯ ಮುಖ ಇಳಿಯಿತು.

"ನಾ ಬಿಳಿ ಅನ್ನ ಮಾಡಿಟ್ಟಿದ್ದೆ. ಸರಿಸಿಬಿಟ್ರು. ಅದು ಜಲ್ದಿ ಮುಗೀತೈತಿ ಅಂದ್ರು. ಇದನ್ನ ಅಗ್ಯಾಕ ಹೊತ್ತು ಬೇಕಲ್ರಿ, ಅಷ್ಟೂ ಹೊತ್ತು ಈಕಿ ಮುಂದ ಕುಂತಿರ್ತಿದ್ಲು. ಅವರು ಉಂಡಿದ್ದು ಆ ಹೊತ್ತನ್ನ." ಮಗಳ ಕಡೆ ತಿರುಗಿದಳು. "ಬಡಸವಾ."

ಉಚ್ಚೆಂಗಮ್ಮ ಹಿಡಿದ ಕೈ ಬಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡಳು.

ಎಡೆ ಇಟ್ಟ ಮೇಲೆ ಅಲ್ಲಿ ನಿಲ್ಲಬಾರದು, ತಿರುಗಿ ನೋಡಬಾರದು. ಉಚ್ಚೆಂಗಮ್ಮ ಬುಟ್ಟಿ ಎತ್ತಿಕೊಂಡು ಹೊರಟಳು. ಪಲ್ಲವಿ ಮಾತ್ರ ಮಣ್ಣಿನ ಪಕ್ಕ ಕಾಲು ಮಡಚಿ ಕೂತೇ ಇದ್ದಳು, ಅಪ್ಪ ತುತ್ತು ಮುಗಿಸಲೆಂದು ಕಾಯುವವಳ ಹಾಗೆ.

"ಎಬ್ಬಿಸು ಆಕೀನ. ಹಂಗ ಕುಂದ್ರಬಾರ್ದು."

"ಇರ್ಲಿ ಬಿಡ್ರಿ. ಆ ಊಟಕ್ಕ ಹೊತ್ತು ಹಿಡೀತೈತಿ."

ಕರೆಮ್ಮ ನಾಲ್ಕು ಹೆಜ್ಜೆ ನಡೆದಳು. ಮದುವೆಯಾದಂದಿನಿಂದ ತಾನು ಬಡಿಸಿ ಒಲೆಗೆ ತಿರುಗಿದ್ದೇ ಆಯಿತು. ಅವನು ಉಣ್ಣುವಾಗ ಎದುರಿಗೆ ಕೂತದ್ದು ಯಾವಾಗ ಎಂದು ಎಷ್ಟು ನೆನೆದರೂ ನೆನಪಾಗಲಿಲ್ಲ. ನಿಂತಳು.

"ನೀವು ಮುಂದ ನಡೀರಿ ಅಕ್ಕಾ," ಎಂದು ಹಿಂದಿರುಗಿ ಹೋಗಿ, ಎಲೆಯ ಈಚೆ ಬದಿಗೆ ಕೂತಳು.