ಕುದುರೆಗೆಷ್ಟು ಅಶ್ವಶಕ್ತಿ

ಡಾಕ್ಟರ್ ದಾಕ್ಷಾಯಣಿಯ ಕೆಂಪು ಕಾರು, ಇಂಜಿನ್ ನಿಮಿಷಕ್ಕೆ ಮೂರೂವರೆ ಸಾವಿರ ಸುತ್ತು ಮುಟ್ಟಿತೆಂದರೆ ಬಿಕ್ಕುತ್ತಿತ್ತು. ಅಲ್ಲಿಯವರೆಗೆ ಸಾಧುವಾಗಿ ಓಡಿದ್ದು, ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದಂತೆ ತಡವರಿಸಿ, ಒಮ್ಮೆ ಕೆಮ್ಮಿ, ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಓಡುತ್ತಿತ್ತು. ಎರಡೇ ಸೀಟಿನ, ಹೊಟ್ಟೆ ನೆಲಕ್ಕೆ ತಾಗುವಂತಿದ್ದ ಸ್ಪೋರ್ಟ್ಸ್ ಕಾರು. ವಯಸ್ಸು ಇಪ್ಪತ್ತು ದಾಟಿತ್ತು. ದಾಕ್ಷಾಯಣಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗದ ಪ್ರೊಫೆಸರು. ದಿನವಿಡೀ ಜನರನ್ನು ಮಲಗಿಸುವುದೇ ಕೆಲಸವಾದ್ದರಿಂದ ಎಚ್ಚರವಾಗಿರುವ ವಸ್ತು ಒಂದಾದರೂ ತನ್ನದೆಂದು ಇರಲಿ ಅನ್ನಿಸಿ, ಊರಿಗೆ ಹಿಂದಿರುಗುತ್ತಿದ್ದ ಸಹೋದ್ಯೋಗಿಯೊಬ್ಬರಿಂದ ಅದನ್ನು ಕೊಂಡಿದ್ದಳು.

ವಾರಾಣಸಿಯ ಅಸ್ಸಿಯಲ್ಲಿ ಅವಳ ಮನೆಯ ಗಲ್ಲಿಯೊಳಗೆ ಸ್ಕೂಟರ್ ನುಗ್ಗಿದರೇ ಪುಣ್ಯ. ಹಾಗಾಗಿ ಕಾರು ಇರುತ್ತಿದ್ದದ್ದು ನಮ್ಮ ಕರ್ನಾಟಕದ ಕಡೆಯ ಮಠವೊಂದರ ಅಂಗಳದಲ್ಲಿ. ಮಠದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಕೊಟ್ಟೂರಯ್ಯನವರು ಪ್ರತಿದಿನ ಬೆಳಿಗ್ಗೆ ಅದರ ಮೇಲಿನ ಧೂಳು ಕೊಡವಿ, ಬಾನೆಟ್ಟಿಗೆ ಮೂರು ಬೆರಳು ವಿಭೂತಿ ಎಳೆಯುತ್ತಿದ್ದರು. ಆದರೂ ಬಿಕ್ಕಳಿಕೆ ನಿಂತಿರಲಿಲ್ಲ.

"ಇದನ್ನ ಡೈನೋ ಮೇಲೆ ಹತ್ತಿಸಿ ಟ್ಯೂನ್ ಮಾಡಿಸ್ಬೇಕು ಅಯ್ಯನವರೇ," ಎಂದಳು ದಾಕ್ಷಾಯಣಿ ಒಂದು ಭಾನುವಾರ. "ನೆಲದಾಗ ಒಂದು ದಪ್ಪ ಉರುಳೆ ಇರ್ತದೆ. ಕಾರಿನ ಚಕ್ರ ಅದರ ಮೇಲೆ ನಿಲ್ಲಿಸಿ, ಕಾರನ್ನ ಬೆಲ್ಟಿನಿಂದ ಬಿಗಿದು, ಜೋರಾಗಿ ಓಡಿಸ್ತಾರೆ. ಚಕ್ರ ಉರುಳೇನ ತಿರುಗಿಸ್ತದೆ. ಎಷ್ಟು ಶಕ್ತಿ ಬಂತು ಅಂತ ಕಂಪ್ಯೂಟರ್ ಹೇಳ್ತದೆ."

"ಅಂದ್ರ ಗಾಡಿ ಎಲ್ಲಿಗೂ ಹೋಗಂಗಿಲ್ಲ?"

"ಇಲ್ಲ. ನಿಂತಲ್ಲೇ ನೂರೈವತ್ತರ ವೇಗ."

ಕೊಟ್ಟೂರಯ್ಯ ಧೂಳು ಕೊಡವುತ್ತಿದ್ದ ಬಟ್ಟೆಯನ್ನು ಹೆಗಲಿಗೇರಿಸಿದರು. "ಧ್ಯಾನ ಇದ್ದಂಗ ಐತಲ್ಲ ತಂಗೀ. ನಾನೂ ಬರ್ತೀನಿ."

ವಿಚಾರಿಸಿದಾಗ ಇಡೀ ವಾರಾಣಸಿಯಲ್ಲಿ ಡೈನೋ ಇದ್ದದ್ದು ಎರಡೇ ಕಡೆ: ಒಂದು ಕಂಟೋನ್ಮೆಂಟಿನಲ್ಲಿ, ಇನ್ನೊಂದು ಗಂಗೆಯಾಚೆ ರಾಮನಗರದಲ್ಲಿ. ಯಾವುದನ್ನು ನಂಬುವುದು? ತಪ್ಪಾಗಿ ಟ್ಯೂನ್ ಮಾಡಿದರೆ ಇಂಜಿನ್ನೇ ಸುಟ್ಟುಹೋಗುತ್ತದೆ. ಮತ್ತೊಂದು ಇಂಜಿನ್ ಈ ದೇಶದಲ್ಲೇ ಸಿಗದು. ದಾಕ್ಷಾಯಣಿ ಎರಡೂ ಕಡೆ ಹೋಗಿ, ಮೊದಲು ಬರೀ ಅಳತೆ ಮಾಡಿಸಿ, ಯಾರ ಅಳತೆ ನಿಜವೆನ್ನಿಸುತ್ತದೋ ಅವರ ಕೈಗೆ ಕಾರು ಕೊಡುವುದೆಂದು ತೀರ್ಮಾನಿಸಿದಳು.

ಕಂಟೋನ್ಮೆಂಟಿನ ಅಂಗಡಿಗೆ ಗಾಜಿನ ಬಾಗಿಲು, ಎಸಿ, ಚರ್ಮದ ಸೋಫಾ. ಒಡೆಯ ಪಿಂಕೂ ಜಾಯಸ್ವಾಲ್ ಇಬ್ಬರಿಗೂ ಗುಲಾಬಿ ಶರಬತ್ತು ಕೊಡಿಸಿ, ಕೈಮುಗಿದು ಹಿಂದಿಯಲ್ಲಿ ಕೇಳಿದ:

"ಹೇಳಿ ಮ್ಯಾಡಮ್‌ಜಿ, ಎಷ್ಟು ಅಶ್ವಶಕ್ತಿ ಬೇಕು?"

"ಎಷ್ಟು ಬೇಕು ಅಂತಲ್ಲ, ಎಷ್ಟಿದೆ ಅಂತ ನೋಡಬೇಕು."

ಪಿಂಕೂ ಮುಗುಳ್ನಕ್ಕ. ಅಂಥ ಗಿರಾಕಿಗಳೂ ಒಮ್ಮೊಮ್ಮೆ ಬರುತ್ತಾರೆ ಎಂಬಂಥ ನಗು. ಗೋಡೆಯ ತುಂಬ ಕಟ್ಟು ಹಾಕಿಸಿದ ಅಳತೆಯ ಹಾಳೆಗಳು ತೂಗಾಡುತ್ತಿದ್ದವು. ಈಚೆಗೆ ಹೆಣ್ಣಿನ ಕಡೆಯವರು ಜಾತಕದ ಜೊತೆಗೆ ಗಂಡಿನ ಕಾರಿನ ಈ ಹಾಳೆಯನ್ನೂ ಕೇಳುತ್ತಾರೆಂದೂ ಇನ್ನೂರೈವತ್ತಕ್ಕಿಂತ ಕಡಿಮೆಯಿದ್ದರೆ ಮಾತುಕತೆ ಮುರಿದುಬೀಳುತ್ತದೆಂದೂ ಅವನು ವಿವರಿಸಿದ. "ನಮ್ಮ ಹಾಳೆಯಿಂದ ಒಂದು ಸಂಬಂಧವೂ ತಪ್ಪಿಲ್ಲ."

ಕೊಟ್ಟೂರಯ್ಯ ಶರಬತ್ತಿನ ಲೋಟ ಕೆಳಗಿಟ್ಟರು. "ನೂರಾ ಎಂಟು ಮಾಡ್ರಿ. ಶುಭ ಸಂಖ್ಯೆ," ಎಂದರು ತಮ್ಮ ಹರಕುಮುರುಕು ಹಿಂದಿಯಲ್ಲಿ.

ಪಿಂಕೂನ ಮುಖ ಬಾಡಿತು. "ಸ್ವಾಮೀಜಿ, ಕಡಿಮೆ ಮಾಡಿಸಿಕೊಂಡರೆ ಅಂಗಡಿಯ ಹೆಸರು ಹಾಳಾಗುತ್ತೆ."

"ಹಂಗಾರ ಸಾವಿರದ ಎಂಟು."

"ಇದು ಮಾತು!" ಎಂದ ಪಿಂಕೂ.

ಕಾರನ್ನು ಉರುಳೆಯ ಮೇಲೆ ಹತ್ತಿಸಿದರು. ಇಂಜಿನ್ ಗುರುಗುಟ್ಟಿತು, ಮೂರೂವರೆ ಸಾವಿರಕ್ಕೆ ಬಿಕ್ಕಿತು. ಅಷ್ಟರಲ್ಲಿ ಪಕ್ಕದ ಕೋಣೆಯ ಪ್ರಿಂಟರ್ ಆಗಲೇ ಹಾಳೆಯನ್ನು ಹೊರಹಾಕಿಯಾಗಿತ್ತು: ಒಂದು ಸಾವಿರದ ಎಂಟು. ಏರುವ ಗೆರೆ ಎಲ್ಲೂ ಬಿಕ್ಕದೆ ಕೈಲಾಸಕ್ಕೆ ಹೊರಟಂತೆ ನೇರವಾಗಿ ಮೇಲೇರಿತ್ತು.

"ಆದರೆ ನನ್ನ ಕಾರು ನಡುವೆ ಬಿಕ್ಕಿತಲ್ಲ?" ಎಂದಳು ದಾಕ್ಷಾಯಣಿ.

"ಹಾಳೆಯಲ್ಲಿ ಬಿಕ್ಕಿಲ್ಲ, ಮ್ಯಾಡಮ್‌ಜಿ," ಎಂದು ಪಿಂಕೂ ಅವಳಿಗೆ ಸಮಾಧಾನ ಹೇಳಿದ.

ಮರುವಾರ ಇಬ್ಬರೂ ಸೇತುವೆ ದಾಟಿ ರಾಮನಗರಕ್ಕೆ ಹೋದರು. ಅಲ್ಲಿಯ ಅಂಗಡಿಯೆಂದರೆ ತಗಡಿನ ಚಾವಣಿಯ ಒಂದು ಉದ್ದನೆಯ ಶೆಡ್ಡು. ಒಡೆಯ ಗುಲಾಬ್ ವಿಶ್ವಕರ್ಮ ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಬಾಗಿಲಲ್ಲೇ ತಡೆದು ಹೇಳಿದ:

"ಇವತ್ತು ಆಗಲ್ಲ. ಮಷೀನ್ ಮೇಲೆ ಬೇರೆಯವರಿದ್ದಾರೆ."

ಇಣುಕಿ ನೋಡಿದರೆ ಉರುಳೆಗೆ ಅಡ್ಡಲಾಗಿ ಒಂದು ಭಾರೀ ಬೂದುಬಣ್ಣದ ಗೂಳಿ ಮಲಗಿತ್ತು. ಇಂಜಿನ್ ತಣ್ಣಗಿಡಲು ಎದುರಿಗಿಟ್ಟಿದ್ದ ಆಳೆತ್ತರದ ಫ್ಯಾನಿಗೆ ಮುಖವೊಡ್ಡಿ, ಅರೆಗಣ್ಣು ಮುಚ್ಚಿ, ಮೆಲುಕು ಹಾಕುತ್ತಿತ್ತು. ಬಿಸಿಲು ಏರಿದಾಗ ದಿನಾ ಬರುವುದಂತೆ. ಫ್ಯಾನ್ ಆರಿಸಿದರೆ ಕೋಪಿಸಿಕೊಂಡು ಕಂಪ್ಯೂಟರಿನ ಮೇಜಿಗೆ ಹಾಯುವುದಂತೆ.

"ಫ್ಯಾನನ್ನ ಆ ತುದಿಗೆ ಎಳೆದರೆ ಗೂಳಿಯೂ ಅಲ್ಲಿಗೇ ಹೋಗಲ್ವಾ? ಕಾರನ್ನ ಫ್ಯಾನಿಲ್ಲದೆ ಅಳೆಯೋಕೆ ಆಗಲ್ವಾ?" ಎಂದಳು ದಾಕ್ಷಾಯಣಿ.

"ಫ್ಯಾನ್ ಇಲ್ಲದೆ ಓಡಿಸಿದರೆ ಇಂಜಿನ್ ಬಿಸಿಯಾಗುತ್ತೆ. ಅಳತೆಯೂ ಸುಳ್ಳಾಗುತ್ತೆ. ನಾನು ಮಾಡಲ್ಲ," ಎಂದ ಗುಲಾಬ್. ಆಮೇಲೆ ಕೊಟ್ಟೂರಯ್ಯನವರ ಕಾವಿ ಶಲ್ಯ, ಕೊರಳ ಲಿಂಗ ನೋಡಿ ದನಿ ತಗ್ಗಿಸಿದ. "ಮಹಾರಾಜ್, ನೀವು ಶಿವನ ಕಡೆಯವರು. ನೀವೇ ಒಂದು ಮಾತು ಹೇಳಿ ನೋಡಿ."

ಕೊಟ್ಟೂರಯ್ಯ ಚಪ್ಪಲಿ ಬಿಟ್ಟು ಒಳಗೆ ಹೋದರು. ಗೂಳಿಯ ಎದುರು ಕೂತು, ಹಣೆ ಸವರಿ ಕನ್ನಡದಲ್ಲಿ ಶುರುಮಾಡಿದರು: "ಏಳೋ ನನ್ನಪ್ಪ ಬಸವಣ್ಣ. ಡಾಕ್ಟರಮ್ಮ ದೂರದಿಂದ ಬಂದಾಳ. ನಿನಗೇನು, ಕಾಶಿಪಟ್ಟಣ ಪೂರಾ ನಿಂದೇ ಐತಿ..."

ಗೂಳಿ ಒಂದು ಕಿವಿ ಅಲ್ಲಾಡಿಸಿತು.

"ಅದಕ್ಕೆ ಭೋಜ್‌ಪುರಿ ಮಾತ್ರ ಗೊತ್ತು," ಎಂದ ಗುಲಾಬ್, ಕ್ಷಮೆ ಕೇಳುವವನಂತೆ.

ಕೊನೆಗೆ ಕೊಟ್ಟೂರಯ್ಯ ಚೀಲದಿಂದ ಪ್ರಸಾದದ ಬಾಳೆಹಣ್ಣು ತೆಗೆದರು. ಆ ಭಾಷೆ ತಿಳಿಯಿತು. ಗೂಳಿ ಎದ್ದು ಹೆಜ್ಜೆಯಿಟ್ಟಿತು. ಮುಂಗಾಲೆರಡೂ ಸರಿಯಾಗಿ ಉರುಳೆಯ ಮೇಲೆ ಬಿದ್ದವು. ಉರುಳೆ ತಿರುಗಿ ಕಾಲನ್ನು ಹಿಂದಕ್ಕೆ ತಂದಿಟ್ಟಿತು. ಮತ್ತೊಂದು ಹೆಜ್ಜೆ, ಮತ್ತೆ ಅಲ್ಲಿಗೇ. ಬಿದ್ದೀತೆಂದು ಹೆದರಿದ ಗುಲಾಬ್ ಓಡಿಹೋಗಿ ಉರುಳೆಗೆ ಬ್ರೇಕಿನ ಬಿಗಿ ಕೊಟ್ಟ. ಗೂಳಿಗೆ ಗಾಬರಿಯೇನೂ ಆಗಲಿಲ್ಲ. ಎದುರಿಗೆ ಬಾಳೆಹಣ್ಣು, ಮುಖಕ್ಕೆ ಗಾಳಿ. ಹಿಂಗಾಲು ಊರಿಕೊಂಡು ಮುಂಗಾಲಲ್ಲಿ ಗಂಭೀರವಾಗಿ ನಡೆಯತೊಡಗಿತು. ಹೃದ್ರೋಗ ವಿಭಾಗದಲ್ಲಿ ಟ್ರೆಡ್‌ಮಿಲ್ಲಿನ ಮೇಲೆ ನಡೆಯುವ ದೊಡ್ಡ ಮನುಷ್ಯರ ಮುಖದಲ್ಲೂ ಇದೇ ಕಳೆ ಇರುತ್ತದೆ ಎನ್ನಿಸಿತು ದಾಕ್ಷಾಯಣಿಗೆ. ಅಭ್ಯಾಸಬಲದಿಂದ ಅದರ ಉಸಿರು ಎಣಿಸಿದಳು. ಚೆನ್ನಾಗಿಯೇ ಇತ್ತು.

ಕಂಪ್ಯೂಟರ್ ಕಿಣಿಕಿಣಿ ಎಂದಿತು. ಗುಲಾಬ್ ಕನ್ನಡಕ ಹಾಕಿಕೊಂಡು ಓದಿದ. "ಸೊನ್ನೆ ಬಿಂದು ನಾಲ್ಕು." ಕೊಟ್ಟೂರಯ್ಯನವರ ಮುಖ ಸಪ್ಪಗಾದದ್ದನ್ನು ಕಂಡು ಸೇರಿಸಿದ, "ಬರೀ ಮುಂಗಾಲಿನ ಲೆಕ್ಕ, ಮಹಾರಾಜ್. ಫ್ರಂಟ್ ವೀಲ್ ಡ್ರೈವ್."

ಬಾಳೆಹಣ್ಣು ತಿಂದು ಗೂಳಿ ಹೊರಗೆ ಹೋಯಿತು. ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬ ನಿಂತಿದ್ದ. ಮದುವೆ ಮೆರವಣಿಗೆಗೆ ಬಿಳಿ ಕುದುರೆ ಬಾಡಿಗೆಗೆ ಕೊಡುವ ಬಚ್ಚಾಲಾಲ್. ಕುದುರೆಯೂ ಜೊತೆಗಿತ್ತು.

"ನಂದಿಗೆ ಅಳತೆ ಮಾಡಿದೆ, ನನ್ನ ರಾಣಿಗೂ ಮಾಡು," ಎಂದ.

"ಕಾರು ಕಾಯ್ತಿದೆ," ಎಂದ ಗುಲಾಬ್.

"ಮಾಡಲಿ ಬಿಡಿ," ಎಂದಳು ದಾಕ್ಷಾಯಣಿ. ಅವಳಿಗೇ ಕುತೂಹಲ ತಡೆಯಲಾಗಲಿಲ್ಲ.

ರಾಣಿ ಬ್ಯಾಂಡಿನ ತಾಳಕ್ಕೆ ಕುಣಿದು ಪಳಗಿದ ಕುದುರೆ. ಬಚ್ಚಾಲಾಲ್ ಬಾಯಲ್ಲೇ ಡೋಲು ಬಾರಿಸಿದ ಕೂಡಲೇ ಉರುಳೆಯ ಮೇಲೆ ಠೀವಿಯಿಂದ ಹೆಜ್ಜೆ ಹಾಕಿತು. ಮುಂಗಾಲು: ಸೊನ್ನೆ ಬಿಂದು ನಾಲ್ಕು. ಬಚ್ಚಾಲಾಲ್ ಕೂಗಾಡಿ, ಹಿಂದಿನ ಅರ್ಧವನ್ನೂ ಅಳೆಯಲೇಬೇಕೆಂದು ಪಟ್ಟುಹಿಡಿದು ಹಿಂಗಾಲು ನಿಲ್ಲಿಸಿದ: ಸೊನ್ನೆ ಬಿಂದು ಐದು.

"ಕೂಡಿದರೆ ಸೊನ್ನೆ ಬಿಂದು ಒಂಬತ್ತು," ಎಂದ ಗುಲಾಬ್.

ಬಚ್ಚಾಲಾಲ್ ಕಂಪ್ಯೂಟರಿನ ಮುಂದೆ ಬಂದು ಅಂಕಿಯನ್ನು ತಾನೇ ಓದಿಕೊಂಡ.

"ಇದು ಕುದುರೆ ಕಣಯ್ಯಾ!" ಎಂದು ಬಚ್ಚಾಲಾಲ್ ಸಿಡಿದ. "ಕುದುರೆಗೆ ಒಂದು ಕುದುರೆಯ ಶಕ್ತಿ ಇಲ್ಲ ಅಂದರೆ ಏನರ್ಥ? ಉಳಿದ ಕುದುರೆ ಎಲ್ಲಿ ಹೋಯಿತು? ನಾಳೆ ಯಾವ ಮದುಮಗ ನನ್ನ ರಾಣಿಯನ್ನು ಹತ್ತುತ್ತಾನೆ?"

"ಮಷೀನ್ ಹೇಳಿದ್ದನ್ನ ಹೇಳಿದೆ."

"ಒಂದು ಅಂತ ಮಾಡು! ಬರೀ ಒಂದು ಚೂರು ತಾನೆ!"

ಗುಲಾಬ್ ತಲೆಯಾಡಿಸಿದ. ಬಚ್ಚಾಲಾಲ್ ಅತ್ತ, ಬೈದ, ಗುಲಾಬನ ತಂಗಿಯ ಮದುವೆಗೆ ಬಾಡಿಗೆ ಕೇಳದೆ ಕುದುರೆ ಕಳಿಸಿದ್ದನ್ನು ನೆನಪಿಸಿದ. ಗುಲಾಬನ ಕಣ್ಣೂ ತೇವವಾಯಿತು. ಆದರೂ ಸೊನ್ನೆ ಬಿಂದು ಒಂಬತ್ತು ಸೊನ್ನೆ ಬಿಂದು ಒಂಬತ್ತಾಗಿಯೇ ಉಳಿಯಿತು. ಕೊನೆಗೆ ಅವನು ಬಗ್ಗಿ ಕುದುರೆಯ ಗೊರಸು ಎತ್ತಿ ನೋಡಿದ.

"ಲಾಳ ಸವೆದಿದೆ," ಎಂದ ಮೆತ್ತಗೆ. "ಕಾಲು ಜಾರ್ತಿದೆ. ಸವೆದ ಟೈರಿನ ಕಾರಾಗಿದ್ದರೂ ಇಷ್ಟೇ ಬರ್ತಿತ್ತು. ಹೊಸ ಲಾಳ ಹೊಡೆಸಿಕೊಂಡು ಬಾ."

ಬಚ್ಚಾಲಾಲ್ ಕಣ್ಣೊರೆಸಿಕೊಂಡ. ರಾಣಿಯಲ್ಲಿ ಕೊರತೆಯಿಲ್ಲ, ಲಾಳದಲ್ಲಿದೆ ಎನ್ನುವುದು ಅವನಿಗೆ ಹಿಡಿಸಿತು. ಲಾಳ ಹೊಡೆಯುವವನನ್ನು ಬೈಯುತ್ತ ಕುದುರೆ ಹಿಡಿದುಕೊಂಡು ಹೋದ.

ದಾಕ್ಷಾಯಣಿ ಆಗಲೇ ಕಾರಿನ ಬೀಗದಕೈ ಚಾಚಿದ್ದಳು. "ಟ್ಯೂನೂ ನೀವೇ ಮಾಡಿ."

"ಇನ್ನೂ ಅಳತೆಯೇ ಮಾಡಿಲ್ಲ," ಎಂದ ಗುಲಾಬ್ ಆಶ್ಚರ್ಯದಿಂದ.

"ನಿಮ್ಮ ಅಳತೆ ಆಯ್ತು. ನೋಡಿದೆ."

ಅಳತೆ ಮಾಡಿದಾಗ ನೂರ ಹದಿನೆಂಟು ಬಂತು. ಕಾರು ಹೊಸದಿದ್ದಾಗ ನೂರೈವತ್ತರ ಮೇಲಿತ್ತೆಂದು ಓದಿದ್ದ ದಾಕ್ಷಾಯಣಿಗೆ ಬಚ್ಚಾಲಾಲನ ಸಂಕಟ ಈಗ ಚೆನ್ನಾಗಿ ಅರ್ಥವಾಯಿತು. ಒಂದು ನೂರ ಇಪ್ಪತ್ತಾದರೂ ಅನ್ನಬಾರದಿತ್ತೇ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಗೆರೆ ಮಾತ್ರ ಮೂರೂವರೆ ಸಾವಿರದ ಹತ್ತಿರ ಹಲ್ಲು ಬಿದ್ದ ಬಾಯಿಯಂತೆ ಕುಸಿದಿತ್ತು. ಗುಲಾಬ್ ಅಲ್ಲಿಗೇ ಬೆರಳಿಟ್ಟು, ಬಾನೆಟ್ ತೆರೆದು, ಟಾರ್ಚ್ ಹಿಡಿದು ಹುಡುಕಿದ. ಗಾಳಿ ಎಳೆಯುವ ರಬ್ಬರ್ ಪೈಪು ಮಡಿಕೆಯಲ್ಲಿ ಸೀಳಿತ್ತು. ಅದನ್ನು ಬದಲಿಸಿ, ಲ್ಯಾಪ್‌ಟಾಪ್ ಜೋಡಿಸಿ, ಗಾಳಿಗೆ ಎಷ್ಟು ಪೆಟ್ರೋಲು ಎಂಬುದನ್ನು ಸಂಜೆಯವರೆಗೆ ಮತ್ತೆ ಮತ್ತೆ ಓಡಿಸಿ ತಿದ್ದಿದ. ಕೊನೆಯ ಓಟಕ್ಕೆ ನೂರ ಮೂವತ್ತೇಳು. ಬಿಕ್ಕಳಿಕೆ ಮಾಯ.

ವಾಪಸು ಬರುವಾಗ ಸೇತುವೆ ಅಪರೂಪಕ್ಕೆ ಖಾಲಿಯಿತ್ತು. ದಾಕ್ಷಾಯಣಿ ಉಸಿರು ಬಿಗಿಹಿಡಿದು ಪೆಡಲ್ ಒತ್ತಿದಳು. ಮೂರು ಸಾವಿರ, ಮೂರೂವರೆ, ನಾಲ್ಕು. ಕಾರು ಎಲ್ಲೂ ತಡೆಯದೆ ಎದೆ ಮುಂದುಮಾಡಿ ನುಗ್ಗಿತು, ಕೆಳಗೆ ಗಂಗೆ ಒಂದು ಬೆಳ್ಳಿಯ ಪಟ್ಟಿಯಾಗಿ ಸರಿಯಿತು, ಅವಳಿಗೆ ಅರಿವಿಲ್ಲದೆ ಬಾಯಿಂದ ಕೇಕೆಯೊಂದು ಹೊರಟಿತು. ಪಕ್ಕಕ್ಕೆ ತಿರುಗಿ ನೋಡಿದರೆ, ದಿನವಿಡೀ ನಿಂತು ದಣಿದಿದ್ದ ಕೊಟ್ಟೂರಯ್ಯ ಬಾಯಿ ತೆರೆದುಕೊಂಡು ಗಾಢನಿದ್ದೆಯಲ್ಲಿದ್ದರು.

ಸೇತುವೆಯ ತುದಿಯಲ್ಲಿ ಇಟ್ಟಿಗೆ ತುಂಬಿದ ಟ್ರ್ಯಾಕ್ಟರೊಂದು ಅಡ್ಡ ಸಿಕ್ಕಿತು. ಬ್ರೇಕು ಹಾಕಿದ ಕುಲುಕಿಗೆ ಅವರು ಕಣ್ಣುಬಿಟ್ಟರು.

"ಜೋರಾಗಿ ಹೊಡಿಯೋ ಜಾಗ ಬಂತೇನವ್ವ?"

"ಇನ್ನೂ ಇಲ್ಲ ಅಯ್ಯನವರೇ," ಎಂದಳು ದಾಕ್ಷಾಯಣಿ. ಟ್ರ್ಯಾಕ್ಟರಿನ ಹೊಗೆಯಲ್ಲಿ ಒಂದನೇ ಗೇರಿನಲ್ಲಿ ತೆವಳುತ್ತ, ಎಲ್ಲಿ ಗಾಡಿ ತಿರುಗಿಸಿಕೊಂಡು ಮತ್ತೆ ಸೇತುವೆ ಹತ್ತಬಹುದೆಂದು ನೋಡತೊಡಗಿದಳು.